ಯಾವ ಜಾಝ್ ವಾದಕನ ದನಿ ನಿಮ್ಮ ಕಿವಿಯಲ್ಲಿ ಉಳಿದುಬಿಟ್ಟಿದೆ? ನನಗೆ ಕೋಲ್ಟ್ರೇನ್

ರಾತ್ರಿಪಾಳಿ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ತಿಂಗಳಲ್ಲಿ ಅರ್ಧ ರಾತ್ರಿ ಪಾಳಿ. ಎಂಟು ವರ್ಷದ ಹಿಂದೆ ನಮ್ಮ ಜೊತೆಗಿದ್ದ ಡಾಕ್ಟರೊಬ್ಬರು ಬೇರೆ ಊರಿಗೆ ಹೋಗುವಾಗ ನನಗೊಂದು ಸೀಡಿ ಕೊಟ್ಟರು. ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್‌ನ ‘ಅ ಲವ್ ಸುಪ್ರೀಮ್’. ಅಲ್ಲಿಯವರೆಗೆ ಜಾಝ್ ಅಂದರೆ ದೊಡ್ಡ ಹೋಟೆಲಿನಲ್ಲಿ ಊಟ ಮಾಡುವಾಗ ಮೆಲ್ಲಗೆ ಕೇಳಿಸುವ ಸಂಗೀತ ಅಂದುಕೊಂಡಿದ್ದೆ.

ಮೊದಲ ಎರಡು ಸಲ ಏನೂ ಹತ್ತಲಿಲ್ಲ. ಮೂರನೇ ಸಲ ಬೆಳಗಿನ ಜಾವ ಮೂರು ಗಂಟೆ ಇರಬೇಕು, ಸೆಂಟ್ರಿಫ್ಯೂಜ್ ಗುಂಯ್ ಅನ್ನುತ್ತಿದ್ದದ್ದು ನಿಂತಿತು, ರೂಮು ಒಮ್ಮೆಲೇ ಸದ್ದಿಲ್ಲದೆ ಆಯಿತು, ಆಗ ಕಿವಿಯಲ್ಲಿ ಆ ಆಲ್ಬಮ್ಮಿನ ನಾಲ್ಕನೇ ಭಾಗ ನಡೆಯುತ್ತಿತ್ತು. ಅಲ್ಲಿ ತಾಳ ಇಲ್ಲ. ಡ್ರಮ್ ದೂರದ ಗುಡುಗಿನ ಹಾಗೆ ಉರುಳುತ್ತಾ ಇರುತ್ತದೆ. ಅದರ ಮೇಲೆ ಸ್ಯಾಕ್ಸೋಫೋನ್ ಒಂದು ಮಾತು ಆಡಿ ನಿಲ್ಲುತ್ತದೆ, ಉಸಿರು ತಗೊಳ್ಳುತ್ತದೆ, ಮತ್ತೆ ಒಂದು ಮಾತು. ಇವನು ನನಗೆ ಏನೋ ಹೇಳುತ್ತಿದ್ದಾನೆ ಅನ್ನಿಸಿತು. ಏನು ಅಂತ ಮಾತ್ರ ಗೊತ್ತಾಗಲಿಲ್ಲ.

ಸುಮಾರು ತಿಂಗಳಾದ ಮೇಲೆ ಡಾಕ್ಟರಿಗೆ ಫೋನ್ ಮಾಡಿ ಇದನ್ನೇ ಹೇಳಿದೆ. ಅವರು, “ಸೀಡಿ ಜೊತೆಗಿರುವ ಪುಸ್ತಿಕೆ ತೆಗೆದು ನೋಡಮ್ಮಾ, ಅದರಲ್ಲೊಂದು ಕವಿತೆ ಇದೆ, ಅದನ್ನು ಎದುರಿಗಿಟ್ಟುಕೊಂಡು ಕೇಳು” ಅಂದರು. ಕೋಲ್ಟ್ರೇನ್ ತಾನೇ ಬರೆದ ಪ್ರಾರ್ಥನೆ ಅದು. ಸಾಲುಗಳ ಮೇಲೆ ಬೆರಳಿಟ್ಟುಕೊಂಡು ಕೇಳಿದೆ. ಸ್ಯಾಕ್ಸೋಫೋನ್ ಆ ಕವಿತೆಯನ್ನೇ ಓದುತ್ತಿದೆ! ಒಂದೊಂದು ಪದಕ್ಕೂ ಸ್ವರ ಕೂಡುತ್ತದೆ. ಮೈ ಜುಮ್ಮೆಂದಿತು.

ಆಮೇಲೆ ಅವನ ಕಥೆ ಓದಿದೆ. ಹೆರಾಯಿನ್, ಕುಡಿತ ಎರಡೂ ಇತ್ತು. ಅದರಿಂದಾಗಿಯೇ 1957ರಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವನನ್ನು ತನ್ನ ತಂಡದಿಂದ ತೆಗೆದುಹಾಕಿದ. ಅದೇ ವರ್ಷ ಎರಡನ್ನೂ ಬಿಟ್ಟ. ಆಗ ದೇವರು ತನ್ನನ್ನು ಎತ್ತಿದ ಅಂತ ಅವನು ನಂಬಿದ್ದ. ಆ ಋಣ ತೀರಿಸಲು ಮಾಡಿದ್ದು ಈ ಆಲ್ಬಮ್. 1964ರ ಡಿಸೆಂಬರ್ 9ರಂದು ನ್ಯೂಜೆರ್ಸಿಯ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ರೂಡಿ ವ್ಯಾನ್ ಗೆಲ್ಡರ್ ಸ್ಟುಡಿಯೋದಲ್ಲಿ ರೆಕಾರ್ಡ್ ಆಯಿತು. ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. 1967ರ ಜುಲೈ 17ಕ್ಕೆ ಲಿವರ್ ಕ್ಯಾನ್ಸರಿನಿಂದ ಹೋಗಿಬಿಟ್ಟ. ನಲವತ್ತೇ ವರ್ಷ.

ಇದೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಅವನನ್ನು ಕೇಳಿದ ಮೇಲೆ ನಾನು ಬೇರೆಯವರನ್ನು ಕೇಳುವ ರೀತಿಯೂ ಬದಲಾಯಿತು. ನಮ್ಮ ಮನೆಯಲ್ಲಿ ಚಿಕ್ಕಂದಿನಿಂದ ದೊರೆಸ್ವಾಮಿ ಅಯ್ಯಂಗಾರರ ವೀಣೆ ಕೇಳುತ್ತಿದ್ದೆವು. ಚೆನ್ನಾಗಿದೆ ಅಂತ ಸುಮ್ನೆ ಕೇಳುತ್ತಿದ್ದೆ. ಕೋಲ್ಟ್ರೇನ್ ಆದ ಮೇಲೆ ಒಂದು ದಿನ ಅದೇ ರೆಕಾರ್ಡಿಂಗ್ ಹಾಕಿದಾಗ ಅವರು ಸಾಹಿತ್ಯವನ್ನೇ ಮೀಟುತ್ತಿದ್ದಾರೆ, ಅಕ್ಷರ ಬಂದಲ್ಲಿ ಮೀಟು, ಎಳೆದಲ್ಲಿ ಎಳೆತ ಅಂತ ಕಿವಿಗೆ ತಾನಾಗಿ ಗೊತ್ತಾಯಿತು. ಮೂವತ್ತು ವರ್ಷ ಕೇಳಿದ್ದರೂ ಗೊತ್ತಾಗದೇ ಇದ್ದದ್ದು ಅಮೆರಿಕದ ಒಬ್ಬ ಸ್ಯಾಕ್ಸೋಫೋನಿನವನಿಂದ ಗೊತ್ತಾಯಿತು.

ನಿಮಗೂ ಹೀಗೆ ಯಾರಾದರೂ ಇದ್ದಾರಾ? ಯಾರು, ಯಾವಾಗ ಸಿಕ್ಕರು, ಏನು ಬದಲಾಯಿತು? ಬರೀರಿ.

ಹಳೇಕ್ಯಾಸೆಟ್

ರಾತ್ರಿಪಾಳಿ ಅವರೇ, ಓದಿ ಬಹಳ ಸಂತೋಷವಾಯಿತು. ನಾನು ಮೈಸೂರಿನಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದವನು, ಈಗ ನಿವೃತ್ತ. ನನ್ನ ಕಥೆ ರೇಡಿಯೋದಿಂದ ಶುರುವಾಗುತ್ತದೆ.

ಎಪ್ಪತ್ತರ ದಶಕದಲ್ಲಿ ರಾತ್ರಿ ಹೊತ್ತು ಶಾರ್ಟ್‌ವೇವ್ ತಿರುಗಿಸುತ್ತಿದ್ದಾಗ ವಾಯ್ಸ್ ಆಫ್ ಅಮೆರಿಕ ಸಿಗುತ್ತಿತ್ತು. ಅದರಲ್ಲಿ ವಿಲ್ಲಿಸ್ ಕೊನೋವರ್ ಅನ್ನುವವರು ಜಾಝ್ ಕಾರ್ಯಕ್ರಮ ನಡೆಸುತ್ತಿದ್ದರು. ದಪ್ಪ ದನಿ. ಇಂಗ್ಲಿಷ್ ಬಾರದವರಿಗೂ ತಿಳಿಯಲಿ ಅಂತ ಒಂದೊಂದೇ ಪದ ನಿಧಾನವಾಗಿ ಬಿಡಿಸಿ ಹೇಳುತ್ತಿದ್ದರು. 1955ರಲ್ಲಿ ಶುರು ಮಾಡಿ 1996ರಲ್ಲಿ ಸಾಯುವವರೆಗೆ ಬಿಡಲಿಲ್ಲ. ಪೋಲೆಂಡ್, ರಷ್ಯಾ ಎಲ್ಲಾ ಕಡೆ ಜನ ಅವರನ್ನು ಕೇಳಿ ಜಾಝ್ ಕಲಿತರು. ಅಮೆರಿಕದವರಿಗೇ ಅವರ ಹೆಸರು ಅಷ್ಟಾಗಿ ಗೊತ್ತಿರಲಿಲ್ಲ, ಯಾಕೆಂದರೆ ಆ ಪ್ರಸಾರ ದೇಶದ ಒಳಗೆ ಇರಲಿಲ್ಲ.

ಆ ರೇಡಿಯೋದಲ್ಲೇ ಗಾಯಕಿ ಬಿಲ್ಲಿ ಹಾಲಿಡೇ ಸಿಕ್ಕಿದ್ದು. ಅಲೆ ಬಂದ ಹಾಗೆ ದನಿ ಜೋರಾಗುವುದು, ಹಿಂದೆ ಸರಿಯುವುದು, ನಡುವೆ ಗರಗರ. ಅಷ್ಟಾದರೂ ಇದು ಅವಳೇ ಅಂತ ಎರಡು ಪದಕ್ಕೆ ಗೊತ್ತಾಗುತ್ತಿತ್ತು. ಹಾಡಿನ ನಡೆಗಿಂತ ಒಂದು ಕೂದಲೆಳೆ ಹಿಂದೆ ಇರುತ್ತಾಳೆ. ಹೇಳಲೋ ಬೇಡವೋ ಅಂತ ಯೋಚಿಸಿ ಹೇಳಿದ ಹಾಗೆ.

ನನ್ನ ಹೆಂಡತಿ ತೀರಿಕೊಂಡ ವರ್ಷ ಮಗ ಅವಳ ‘ಲೇಡಿ ಇನ್ ಸ್ಯಾಟಿನ್’ ತಂದುಕೊಟ್ಟ. 1958ರದ್ದು, ಅವಳ ಕೊನೆಗಾಲದ ಆಲ್ಬಮ್. ದನಿ ಒಡೆದುಹೋಗಿದೆ. ಮೇಲಿನ ಸ್ವರಕ್ಕೆ ಹೋಗಲು ಆಗುವುದಿಲ್ಲ. ವಾದ್ಯವೃಂದ ನಡೆಸಿದ ರೇ ಎಲ್ಲಿಸ್ ಅವರಿಗೂ ರೆಕಾರ್ಡಿಂಗ್ ಸಮಯದಲ್ಲಿ ಅವಳ ಹಾಡಿಕೆ ಹಿಡಿಸಿರಲಿಲ್ಲವಂತೆ, ಕೆಲವು ವಾರ ಬಿಟ್ಟು ಪೂರ್ತಿ ಕೇಳಿದ ಮೇಲೇ ಅದು ಎಷ್ಟು ದೊಡ್ಡದು ಅಂತ ಗೊತ್ತಾಯಿತು ಅಂತ ಅವರೇ ಹೇಳಿಕೊಂಡಿದ್ದಾರೆ. ನನಗೆ ಆ ವರ್ಷ ಚೆಂದದ ದನಿ ಯಾವುದೂ ಬೇಕಿರಲಿಲ್ಲ. ಒಡೆದ ದನಿಯಲ್ಲೂ ಪದವನ್ನು ಅಷ್ಟು ಜೋಪಾನವಾಗಿ ಇಡುವವಳು ಬೇಕಿತ್ತು. ಸಂಜೆ ಹೊತ್ತು ದೀಪ ಹಚ್ಚದೆ ಕೂತು ಕೇಳುತ್ತಿದ್ದೆ.

ಇನ್ನೊಂದು ಹೇಳಿಬಿಡುತ್ತೇನೆ. 1957ರ ಡಿಸೆಂಬರಿನಲ್ಲಿ ಅಮೆರಿಕದ ಟೀವಿಯಲ್ಲಿ ‘ದ ಸೌಂಡ್ ಆಫ್ ಜಾಝ್’ ಅಂತ ಒಂದು ಕಾರ್ಯಕ್ರಮ ಬಂತು. ಯೂಟ್ಯೂಬಿನಲ್ಲಿ ಇದೆ. ಬಿಲ್ಲಿ ಎತ್ತರದ ಸ್ಟೂಲಿನ ಮೇಲೆ ಕೂತು ತನ್ನದೇ ಬ್ಲೂಸ್ ಹಾಡುತ್ತಾಳೆ, ಸುತ್ತ ಘಟಾನುಘಟಿಗಳು ನಿಂತಿರುತ್ತಾರೆ. ಮಧ್ಯದಲ್ಲಿ ಸ್ಯಾಕ್ಸೋಫೋನಿನ ಲೆಸ್ಟರ್ ಯಂಗ್ ಎದ್ದು ಬರುತ್ತಾರೆ. ಒಂದು ಕಾಲದಲ್ಲಿ ಇಬ್ಬರಿಗೂ ಬಹಳ ಸ್ನೇಹ. ಅವಳಿಗೆ ‘ಲೇಡಿ ಡೇ’ ಅಂತ ಹೆಸರಿಟ್ಟವರು ಅವರು, ಅವರಿಗೆ ‘ಪ್ರೆಝ್’ ಅಂತ ಹೆಸರಿಟ್ಟವಳು ಇವಳು. ಆಮೇಲೆ ದೂರ ಆಗಿದ್ದರು. ಲೆಸ್ಟರ್ ಅವರಿಗೆ ಮೈ ಸರಿಯಿಲ್ಲ, ನೋಡಿದರೇ ತಿಳಿಯುತ್ತದೆ. ಹನ್ನೆರಡು ಬಾರ್, ಒಂದೇ ಒಂದು ಸುತ್ತು ನುಡಿಸುತ್ತಾರೆ. ಜಾಸ್ತಿ ಸ್ವರವೂ ಇಲ್ಲ. ಆಗ ಅವಳ ಮುಖ ನೋಡಿ. ತಲೆದೂಗುತ್ತಾ, ನಗುತ್ತಾ, ಅವರು ಹೇಳಿದ್ದೆಲ್ಲ ಗೊತ್ತು ಅನ್ನುವ ಹಾಗೆ ನೋಡುತ್ತಾಳೆ. 1959ರ ಮಾರ್ಚಿನಲ್ಲಿ ಅವರು ಹೋದರು. ಜುಲೈ 17ಕ್ಕೆ ಅವಳು ಹೋದಳು. ನಿಮ್ಮ ಕೋಲ್ಟ್ರೇನ್ ಹೋದ ದಿನಾಂಕವೂ ಅದೇ, ಎಂಟು ವರ್ಷ ಬಿಟ್ಟು.

ಕೇಳುವುದು ಅಂದರೆ ಹೇಗಿರಬೇಕು ಅಂತ ನಾನು ಕಲಿತಿದ್ದು ಅವಳ ಆ ಮುಖದಿಂದ.

ಸರಳರೇಖೆ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಯಾರೂ ತಪ್ಪು ತಿಳಿಯಬೇಡಿ. ಎರಡು ವರ್ಷದಿಂದ ಪ್ರಯತ್ನ ಮಾಡಿದ್ದೇನೆ. ಕೋಲ್ಟ್ರೇನ್ ದೊಡ್ಡವನು ಅಂತ ಎಲ್ಲರೂ ಬರೆಯುತ್ತಾರಲ್ಲ ಅಂತ ‘ಅಸೆನ್ಷನ್’ ಹಾಕಿದೆ. ಐದು ನಿಮಿಷಕ್ಕೆ ನಿಲ್ಲಿಸಿದೆ. ನನಗೆ ಅದು ಸಂತೆಯ ಗದ್ದಲದ ಹಾಗೆ ಕೇಳಿಸಿತು. ಮಾತಿಲ್ಲ, ರಾಗ ಎಲ್ಲಿದೆ ಗೊತ್ತಾಗುವುದಿಲ್ಲ, ಒಬ್ಬರ ಮೇಲೊಬ್ಬರು ಕಿರುಚುತ್ತಾರೆ. ನಿಜ ಹೇಳಿ, ನೀವೆಲ್ಲ ಮನಸ್ಸಿಟ್ಟು ಕೇಳುತ್ತೀರಾ ಅಥವಾ ದೊಡ್ಡ ಹೆಸರು ಅಂತ ಕೇಳುತ್ತೀರಾ? ನನಗೆ ಹತ್ತಲಿಲ್ಲ ಅಂತ ಬೇಜಾರಿದೆ, ಅದಕ್ಕೇ ಕೇಳುತ್ತಿದ್ದೇನೆ.

ರಾತ್ರಿಪಾಳಿ

ಖಂಡಿತ ತಪ್ಪು ತಿಳಿಯುವುದಿಲ್ಲ. ನೀವು ಬೆಟ್ಟದ ಕಡಿದಾದ ಕಡೆಯಿಂದ ಹತ್ತಲು ಹೋಗಿದ್ದೀರಿ. ‘ಅಸೆನ್ಷನ್’ 1965ರ ಜೂನ್‌ನದ್ದು. ಹನ್ನೊಂದು ಜನ, ಒಂದೇ ತುಣುಕು, ಸುಮಾರು ನಲವತ್ತು ನಿಮಿಷ. ನನಗೂ ಅದು ಈಗಲೂ ಪೂರ್ತಿ ಒಲಿದಿಲ್ಲ.

ಅವನ ಜೊತೆ ವರ್ಷಗಟ್ಟಲೆ ನುಡಿಸಿದವರಿಗೇ ಕಷ್ಟವಾಗಿತ್ತು ನೋಡಿ. ಪಿಯಾನೋದ ಮೆಕಾಯ್ ಟೈನರ್ 1965ರ ಕೊನೆಯಲ್ಲಿ ಬಿಟ್ಟುಹೋದ, ಆ ಸದ್ದಿನಲ್ಲಿ ತಾನು ನುಡಿಸುವುದು ತನಗೇ ಕೇಳಿಸುತ್ತಿಲ್ಲ ಅಂತ. 1966ರ ಶುರುವಿಗೆ ಡ್ರಮ್ಮಿನ ಎಲ್ವಿನ್ ಜೋನ್ಸ್ ಕೂಡ ಹೊರಟ. ಅಂಥವರಿಗೇ ಹಾಗಾದರೆ ನಮಗೆ ಹತ್ತಲಿಲ್ಲ ಅನ್ನುವುದರಲ್ಲಿ ನಾಚಿಕೆ ಏನಿದೆ?

ನೀವು 1963ರ ‘ಬ್ಯಾಲಡ್ಸ್’ ಹಾಕಿ. ಅದೇ ಮನುಷ್ಯ, ಮೆತ್ತಗೆ, ಹಾಡಿನ ದಾರಿ ಬಿಡದೆ ನುಡಿಸುತ್ತಾನೆ. ಅಥವಾ ಅದೇ ವರ್ಷ ಜಾನಿ ಹಾರ್ಟ್‌ಮನ್ ಅನ್ನುವ ಗಾಯಕನ ಜೊತೆ ಮಾಡಿದ್ದು. ಅದರಲ್ಲಿ ಮಾತೂ ಇದೆ. ಒಂದು ವಾರ ಬೇರೆ ಏನೂ ಬೇಡ, ರಾತ್ರಿ ಮಲಗುವ ಮುಂಚೆ ಅದೊಂದೇ. ಸ್ವರದ ಲೆಕ್ಕ ಮರೆತುಬಿಡಿ. ಅವನು ಎಲ್ಲಿ ಉಸಿರು ತಗೊಳ್ಳುತ್ತಾನೆ ಅನ್ನುವುದನ್ನು ಮಾತ್ರ ಗಮನಿಸಿ.

ಹಳೇಕ್ಯಾಸೆಟ್ ಸರ್, ಪಾಳಿ ಮುಗಿಸಿ ಬಂದು ಆ ವಿಡಿಯೋ ನೋಡಿದೆ. ಇನ್ನೂ ಮಾತು ಹೊರಡುತ್ತಿಲ್ಲ.

ಲಯಗಾರ

ಅಕ್ಕ, ಕೋಲ್ಟ್ರೇನ್ ಬಗ್ಗೆ ಬರೆದು ಎಲ್ವಿನ್ ಜೋನ್ಸ್ ಹೆಸರು ಒಂದೇ ಸಾಲಿಗೆ ಮುಗಿಸಿದರೆ ಹೇಗೆ!

ನಾನು ಮೃದಂಗ ಕಲಿಯುತ್ತಿರುವವನು, ಹನ್ನೊಂದು ವರ್ಷ ಆಯಿತು. ಅ ಲವ್ ಸುಪ್ರೀಮ್‌ನ ಮೂರನೇ ಭಾಗ ಎಲ್ವಿನ್ ಒಬ್ಬನೇ ಬಾರಿಸುವುದರಿಂದ ಶುರುವಾಗುತ್ತದೆ. ಮೊದಲ ಸಲ ಕೇಳಿದಾಗ ತೊಡೆಯ ಮೇಲೆ ತಾಳ ಹಾಕಲು ನೋಡಿದೆ, ಮೂರು ಸುತ್ತಿಗೆ ಕೈ ತಪ್ಪಿತು. ನಮ್ಮಲ್ಲಿ ತಾಳ ಅನ್ನುವುದು ಹೊರಗಡೆ ಕಾಣುತ್ತದೆ. ಗಾಯಕರ ಕೈಯಲ್ಲಿ ಇರುತ್ತದೆ, ಸಭೆಯಲ್ಲಿ ಕೂತವರ ಕೈಯಲ್ಲೂ ಇರುತ್ತದೆ, ಮೃದಂಗದವನು ಅದನ್ನು ನಂಬಿ ಎಷ್ಟು ದೂರ ಬೇಕಾದರೂ ಹೋಗಿ ಎಡುಪಿಗೆ, ಅಂದರೆ ತಾಳದಲ್ಲಿ ಹಾಡು ಶುರುವಾಗುವ ಜಾಗಕ್ಕೆ, ಬಂದು ಸೇರಬಹುದು. ಎಲ್ವಿನ್ ಹತ್ತಿರ ಆ ಕೈ ಇಲ್ಲ. ಎರಡು ಕೈ, ಎರಡು ಕಾಲು, ನಾಲ್ಕರಲ್ಲೂ ಬೇರೆ ಬೇರೆ ನಡೆ ಹರಿಯುತ್ತಿರುತ್ತದೆ, ಒಂದರಲ್ಲೂ ಪೂರ್ತಿ ತಾಳ ಸಿಗುವುದಿಲ್ಲ, ಆದರೆ ನಾಲ್ಕನ್ನೂ ಒಟ್ಟಿಗೆ ಕೇಳಿದರೆ ಬಂಡೆಯ ಹಾಗೆ ಗಟ್ಟಿಯಾಗಿ ನಿಂತಿದೆ. ಆರು ತಿಂಗಳು ಬರೀ ಅದನ್ನೇ ಕೇಳಿದೆ. ಆಮೇಲೆ ತನಿ ಆವರ್ತನ ಬಾರಿಸುವಾಗ ನನ್ನ ಎಡಗೈ ಬದಲಾಯಿತು. ಬಲಗೈ ಹೇಳಿದ್ದಕ್ಕೆ ಹೂಂಗುಟ್ಟುವುದು ಬಿಟ್ಟು ತಾನೇ ಒಂದು ಮಾತು ಸೇರಿಸತೊಡಗಿತು. ಗುರುಗಳು ಒಂದು ದಿನ “ಎಲ್ಲಿಂದ ಬಂತೋ ಇದು?” ಅಂತ ಕೇಳಿದರು. ಹೇಳಿದೆ. ಬೈಯಲಿಲ್ಲ, ಫೋನಿನಲ್ಲಿ ಹಾಕಿಸಿಕೊಂಡು ಕೇಳಿದರು.

ನಮ್ಮ ಬೆಂಗಳೂರಿನದ್ದೂ ಒಂದು ಕೊಂಡಿ ಇದೆ, ಅದನ್ನು ಹೇಳದೆ ಹೋಗಲಾರೆ. ಚಾರ್ಲಿ ಮರಿಯಾನೋ ಅಂತ ಬೋಸ್ಟನ್ ಕಡೆಯ ಸ್ಯಾಕ್ಸೋಫೋನ್ ವಾದಕ. ಆಲ್ಟೋ ಸ್ಯಾಕ್ಸೋಫೋನಿನ ಚಾರ್ಲಿ ಪಾರ್ಕರ್ ಪ್ರಭಾವದಲ್ಲಿ ಬೆಳೆದವನು, 1963ರಲ್ಲಿ ಬೇಸ್ ವಾದಕ ಚಾರ್ಲ್ಸ್ ಮಿಂಗಸ್‌ನ ದೊಡ್ಡ ಆಲ್ಬಮ್ಮಿನಲ್ಲಿ ನುಡಿಸಿದವನು. ದಕ್ಷಿಣ ಭಾರತದ ಸಂಗೀತಕ್ಕೆ ಮನಸೋತು ನಾಗಸ್ವರ ಕಲಿತ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಜೊತೆ ಸೇರಿ 1983ರಲ್ಲಿ ‘ಜ್ಯೋತಿ’ ಅನ್ನುವ ಆಲ್ಬಮ್ ಮಾಡಿದ. ಜರ್ಮನಿಯ ಇಸಿಎಂ ಕಂಪನಿ ಹೊರತಂದಿತು. ಟಿ.ಎ.ಎಸ್. ಮಣಿ ಅವರ ಮೃದಂಗ, ಆರ್.ಎ. ರಮಾಮಣಿ ಅವರ ಹಾಡಿಕೆ. ಎರಡು ಸಂಗೀತ ಬೆರೆಸುತ್ತೇವೆ ಅಂತ ಹೊರಟ ಎಷ್ಟೋ ಆಲ್ಬಮ್ಮುಗಳಲ್ಲಿ ಇವರ ಪಾಡಿಗೆ ಇವರು, ಅವರ ಪಾಡಿಗೆ ಅವರು ಇರುತ್ತಾರೆ. ಇದರಲ್ಲಿ ಮರಿಯಾನೋ ಕಾಯುತ್ತಾನೆ. ರಮಾಮಣಿ ಅವರ ಆಲಾಪ ಮುಗಿಯುವವರೆಗೆ ಕಾದು, ಅವರು ಬಿಟ್ಟ ಸ್ವರವನ್ನೇ ಎತ್ತಿಕೊಂಡು ಬರುವ ಹಾಗೆ ನನಗೆ ಕೇಳಿಸುತ್ತದೆ. ದಯವಿಟ್ಟು ಕೇಳಿ.

ಕಡಲತಡಿ

ಸ್ಯಾಕ್ಸೋಫೋನ್ ಮಾತು ಬಂದ ಮೇಲೆ ನಮ್ಮ ದಕ್ಷಿಣ ಕನ್ನಡದವರು ಸುಮ್ಮನಿರಲು ಆಗುತ್ತದಾ!

ಕದ್ರಿ ಗೋಪಾಲನಾಥರ ತಂದೆ ನಾಗಸ್ವರದವರು. ಇವರು ಹುಡುಗನಾಗಿದ್ದಾಗ ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದವರು. ಗಮಕ ಹಿಡಿಯಲು ಆಗದ ವಾದ್ಯ ಅಂತ ಜನ ಹೇಳುತ್ತಿದ್ದದ್ದಕ್ಕೆ ವರ್ಷಗಟ್ಟಲೆ ಕೂತು ಗಮಕ ತರಿಸಿದರು. ಅದೆಲ್ಲ ನಿಮಗೆ ಗೊತ್ತಿದೆ.

ನಾನು ಹೇಳಬೇಕಿದ್ದದ್ದು ಜಾಝ್ ಸ್ಯಾಕ್ಸೋಫೋನ್ ನುಡಿಸುವ ರುದ್ರೇಶ್ ಮಹಾಂತಪ್ಪ ಬಗ್ಗೆ. ತಂದೆ ತಾಯಿ ಕರ್ನಾಟಕದಿಂದ ಹೋದವರು, ಇವರು ಹುಟ್ಟಿದ್ದು ಇಟಲಿಯಲ್ಲಿ, ಬೆಳೆದದ್ದು ಅಮೆರಿಕದ ಕೊಲರಾಡೋದಲ್ಲಿ. ಹುಡುಗನಾಗಿದ್ದಾಗ ಚಾರ್ಲಿ ಪಾರ್ಕರ್ ರೆಕಾರ್ಡ್ ಕೇಳಿ ಜೀವನದ ದಾರಿಯೇ ಅದಾಯಿತು. ದೊಡ್ಡವರಾದ ಮೇಲೆ ಅಣ್ಣ ತಮಾಷೆಗೆ ಅಂತ ಒಂದು ಆಲ್ಬಮ್ ಕೊಟ್ಟರಂತೆ, ಭಾರತೀಯ ಶೈಲಿಯ ಸ್ಯಾಕ್ಸೋಫೋನ್ ಅಂತ ಹೆಸರು. ಅದು ಗೋಪಾಲನಾಥರದ್ದು. ತಮಾಷೆ ಹೋಗಿ ಅದೇ ದೊಡ್ಡ ವಿಷಯವಾಯಿತು. ಇಬ್ಬರೂ ಸೇರಿ 2008ರಲ್ಲಿ ‘ಕಿನ್ಸ್‌ಮೆನ್’ ಹೊರತಂದರು. ಒಂದೇ ವಾದ್ಯ, ಆಲ್ಟೋ ಸ್ಯಾಕ್ಸೋಫೋನ್, ಒಬ್ಬರು ನಾಗಸ್ವರದ ಮನೆಯಿಂದ ಬಂದವರು, ಇನ್ನೊಬ್ಬರು ಪಾರ್ಕರ್‌ನ ಕಡೆಯಿಂದ ಬಂದವರು. ಆಮೇಲೆ 2015ರಲ್ಲಿ ರುದ್ರೇಶ್ ‘ಬರ್ಡ್ ಕಾಲ್ಸ್’ ಅಂತ ಪೂರ್ತಿ ಆಲ್ಬಮ್ಮನ್ನೇ ಪಾರ್ಕರ್‌ಗೆ ಒಪ್ಪಿಸಿದರು. ಪಾರ್ಕರ್ ಸತ್ತಿದ್ದು 1955ರಲ್ಲಿ, 34 ವರ್ಷಕ್ಕೆ. ಅರವತ್ತು ವರ್ಷ ಆಗಿತ್ತು!

2019ರಲ್ಲಿ ಗೋಪಾಲನಾಥರು ಹೋದ ದಿನ ನಾನು ಹಾಕಿದ್ದು ‘ಕಿನ್ಸ್‌ಮೆನ್’. ಅವರ ಕಛೇರಿ ರೆಕಾರ್ಡಿಂಗ್ ಬೇಕಾದಷ್ಟಿತ್ತು, ಆದರೆ ಆ ದಿನ ಅವರನ್ನು ಪ್ರೀತಿಸುವ ಇನ್ನೊಬ್ಬರ ಜೊತೆ ಕೂತು ಕೇಳಬೇಕು ಅನ್ನಿಸಿತು.

ಹಳೇಕ್ಯಾಸೆಟ್

ಕಡಲತಡಿ ಅವರೇ, ನಿಮ್ಮ ಮಾತಿನಿಂದ ನನಗೊಂದು ಹೊಳೆಯಿತು. ಈ ದೊಡ್ಡವರೆಲ್ಲ ಮೊದಲು ನಮ್ಮ ಹಾಗೆ ಕೇಳುಗರೇ. ಬಿಲ್ಲಿ ಹಾಲಿಡೇ ಬಾಲ್ಟಿಮೋರಿನಲ್ಲಿ ಚಿಕ್ಕ ಹುಡುಗಿಯಾಗಿ ಅವರಿವರ ಚಿಲ್ಲರೆ ಕೆಲಸ ಮಾಡಿಕೊಂಡಿದ್ದ ಮನೆಯೊಂದರಲ್ಲಿ ಗ್ರಾಮಫೋನ್ ಇತ್ತಂತೆ, ಅಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್‌ನ ‘ವೆಸ್ಟ್ ಎಂಡ್ ಬ್ಲೂಸ್’ ಕೇಳಿದ್ದನ್ನು ಅವಳು ಕೊನೆಯವರೆಗೂ ನೆನೆದಳು. ಆ 1928ರ ರೆಕಾರ್ಡಿನ ಶುರುವಿನಲ್ಲಿ ಆರ್ಮ್‌ಸ್ಟ್ರಾಂಗ್ ಕಹಳೆ ಒಂದೇ ಕೇಳಿಸುತ್ತದೆ, ಜೊತೆಗೆ ಯಾರೂ ಇಲ್ಲ, ಕಾಲು ನಿಮಿಷವೂ ಇಲ್ಲ. ಅದನ್ನು ಎಷ್ಟು ಸಲ ಕೇಳಿದ್ದೇನೋ. ಕೋಲ್ಟ್ರೇನ್ ಕೂಡ 1945ರಲ್ಲಿ ಫಿಲಡೆಲ್ಫಿಯಾದಲ್ಲಿ ಪಾರ್ಕರ್‌ನನ್ನು ಮೊದಲ ಸಲ ಕೇಳಿ ದಂಗಾಗಿ ನಿಂತವನು. ಆಗ ಅವನಿಗೆ ಹದಿನೆಂಟು.

ಮಂಜುಸೇತುವೆ

ಎಲ್ಲವನ್ನೂ ಓದುತ್ತಾ ಬಂದೆ. ನಾನು ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರ ಇರುವವಳು, ಊರು ಹಾಸನ. ಕೇಳಿದ ಮೇಲೆ ಏನು ಬದಲಾಯಿತು ಅಂತ ಕೇಳಿದಿರಲ್ಲ, ಇಲ್ಲಿ ಕೋಲ್ಟ್ರೇನ್ ಹೆಸರಿನಲ್ಲಿ ಒಂದು ಚರ್ಚೇ ಇದೆ. 1965ರಲ್ಲಿ ಫ್ರಾಂಝೋ ಕಿಂಗ್ ಮತ್ತು ಅವರ ಹೆಂಡತಿ ಮರೀನಾ ಈ ಊರಿನ ಒಂದು ಕ್ಲಬ್ಬಿನಲ್ಲಿ ಕೋಲ್ಟ್ರೇನ್‌ನನ್ನು ಕೇಳಲು ಹೋದರು. ಅದನ್ನು ಅವರು ಸದ್ದಿನಿಂದ ಆದ ದೀಕ್ಷಾಸ್ನಾನ ಅನ್ನುತ್ತಾರೆ. ಮುಂದೆ ಅವರೇ ಚರ್ಚ್ ಕಟ್ಟಿದರು, ಎಂಬತ್ತರ ದಶಕದಲ್ಲಿ ಆಫ್ರಿಕನ್ ಆರ್ಥೊಡಾಕ್ಸ್ ಚರ್ಚ್ ಕೋಲ್ಟ್ರೇನ್‌ನನ್ನು ಸಂತ ಅಂತ ಒಪ್ಪಿಕೊಂಡಿತು. ಬಾಡಿಗೆ ಏರಿದ ಹಾಗೆ ಚರ್ಚು ಜಾಗ ಬದಲಿಸುತ್ತಾ ಬಂದಿದೆ, ನಿಂತಿಲ್ಲ.

ಒಂದು ಭಾನುವಾರ ನಾನೂ ಹೋಗಿದ್ದೆ. ಪೂಜೆಯ ನಡುವೆ ಅ ಲವ್ ಸುಪ್ರೀಮ್‌ನ ಆ ನಾಲ್ಕು ಸ್ವರ ಬಂತು. ಆಲ್ಬಮ್ಮಿನ ಮೊದಲ ಭಾಗದಲ್ಲಿ ಬೇಸ್ ಮೊದಲು ನುಡಿಸುತ್ತದಲ್ಲ, ಕೋಲ್ಟ್ರೇನ್ ಅದನ್ನೇ ಹನ್ನೆರಡೂ ಶ್ರುತಿಗೆ ತಿರುಗಿಸಿ ಆಮೇಲೆ ಬಾಯಲ್ಲೇ ಜಪದ ಹಾಗೆ ಹೇಳುತ್ತಾನೆ, ಅದು. ಪಕ್ಕದಲ್ಲಿದ್ದ ಅಜ್ಜಿ ಕಣ್ಣು ಮುಚ್ಚಿ ಹೇಳುತ್ತಿದ್ದರು. ನಮ್ಮೂರ ಭಜನೆ ಮನೆಯಲ್ಲಿ ನಮ್ಮಜ್ಜಿ ಕೂರುತ್ತಿದ್ದದ್ದು ಹೀಗೇ. ನನಗೆ ಅಳು ತಡೆಯಲು ಆಗಲಿಲ್ಲ.

ಕೋಲ್ಟ್ರೇನ್ ಹೆಂಡತಿ ಆಲಿಸ್ ಅವರನ್ನು ಯಾರೂ ನೆನೆಯಲಿಲ್ಲ ಅಂತ ಇಷ್ಟು ಬರೆದೆ. ಡೆಟ್ರಾಯಿಟ್‌ನವರು. ಪಿಯಾನೋ, ಹಾರ್ಪ್ ಎರಡೂ ನುಡಿಸುತ್ತಿದ್ದರು. ಗಂಡ ಹೋದಾಗ ನಾಲ್ಕು ಮಕ್ಕಳು. 1971ರ ಅವರ ಒಂದು ಆಲ್ಬಮ್ಮಿನಲ್ಲಿ ತಂಬೂರಿ ಇದೆ. ಆಮೇಲೆ ತುರೀಯಸಂಗೀತಾನಂದ ಅಂತ ಹೆಸರು ಪಡೆದು ಲಾಸ್ ಏಂಜಲೀಸ್ ಹತ್ತಿರ ಅಗೋರಾ ಹಿಲ್ಸ್‌ನಲ್ಲಿ ಆಶ್ರಮ ಕಟ್ಟಿದರು. ಅಲ್ಲಿಯ ಭಜನೆಗಳನ್ನು ಕ್ಯಾಸೆಟ್ ಮಾಡಿ ಆಶ್ರಮದವರಿಗೆ ಕೊಡುತ್ತಿದ್ದರು, ಹೊರಗಿನವರಿಗೆ ಸುಲಭವಾಗಿ ಸಿಕ್ಕಿದ್ದು 2017ರಲ್ಲಿ. ಸಾಹಿತ್ಯ ಸಂಸ್ಕೃತ, ಹಾಡುವವರ ದನಿಯಲ್ಲಿ ಕರಿಯರ ಚರ್ಚಿನ ಬಿಸಿ, ಕೆಳಗೆ ಸಿಂಥಸೈಜರ್. 2018ರ ಕಾಳ್ಗಿಚ್ಚಿನಲ್ಲಿ ಆಶ್ರಮ ಸುಟ್ಟುಹೋಯಿತು. ಕ್ಯಾಸೆಟ್ಟಿನ ದನಿ ಉಳಿದಿದೆ. ಅಡುಗೆ ಮಾಡುವಾಗ ನಾನು ಹಾಕುವುದು ಅದನ್ನೇ, ಮಗಳೂ ಜೊತೆಗೆ ಹಾಡುತ್ತಾಳೆ.

ಸರಳರೇಖೆ

ಹನ್ನೆರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ‘ಬ್ಯಾಲಡ್ಸ್’ ಕೇಳಿದೆ. ಮೊದಲ ಎರಡು ದಿನ ಚೆನ್ನಾಗಿದೆ ಅನ್ನಿಸಿತು, ಅಷ್ಟೇ. ಮೂರನೇ ರಾತ್ರಿ ರಾತ್ರಿಪಾಳಿ ಅವರು ಹೇಳಿದ ಹಾಗೆ ಉಸಿರು ಗಮನಿಸಿದೆ. ಒಂದು ಸಾಲು ಮುಗಿದು ಇನ್ನೊಂದು ಶುರುವಾಗುವ ನಡುವೆ ಒಂದು ತಡೆ ಇದೆ, ಅಲ್ಲಿ ನಾನೂ ಉಸಿರು ಹಿಡಿದುಕೊಂಡಿದ್ದೆ. ಅದು ಗೊತ್ತಾದ ಮೇಲೆ ಎದ್ದು ಲೈಟ್ ಹಾಕಿಕೊಂಡು ಕೂತೆ. ಹಳೇಕ್ಯಾಸೆಟ್ ಸರ್ ಹೇಳಿದ ವಿಡಿಯೋ ಕೂಡ ನೋಡಿದೆ, ಮೂರು ಸಲ.

‘ಅಸೆನ್ಷನ್’ ಮಾತ್ರ ಇನ್ನೂ ಬೇಡ. ಅ ಲವ್ ಸುಪ್ರೀಮ್ ಕೇಳಬೇಕು. ನನ್ನ ಹತ್ತಿರ ಸೀಡಿ ಇಲ್ಲ, ಫೋನಿನಲ್ಲಿ ಕೇಳುವವನು. ಆ ಕವಿತೆ ಎಲ್ಲಿ ಸಿಗುತ್ತದೆ?

ರಾತ್ರಿಪಾಳಿ

ಕವಿತೆ ಹುಡುಕಿದರೆ ನೆಟ್ಟಿನಲ್ಲೂ ಸಿಗುತ್ತದೆ. ಆದರೆ ಮೊದಲ ಸಲ ಅದನ್ನು ನೋಡಬೇಡಿ. ಸುಮ್ನೆ ಕೇಳಿ. ಎರಡನೇ ಸಲಕ್ಕೆ ಕೈಯಲ್ಲಿ ಹಿಡಿದುಕೊಳ್ಳಿ.

ಶನಿವಾರ ನನಗೆ ಪಾಳಿ ಇಲ್ಲ. ರಾತ್ರಿ ಹತ್ತಕ್ಕೆ ನಾನು ಹಾಕುತ್ತೇನೆ, ನೀವೂ ಅದೇ ಹೊತ್ತಿಗೆ ಹಾಕಿ. ಯಾರು ಬೇಕಾದರೂ ಸೇರಿಕೊಳ್ಳಿ. ಮಂಜುಸೇತುವೆ ಅವರಿಗೆ ಅದು ಬೆಳಿಗ್ಗೆ ಆಗುತ್ತದೆ ಅಲ್ವಾ?

ಮಂಜುಸೇತುವೆ

ಬೆಳಿಗ್ಗೆ ಆದರೇನು, ಕಾಫಿ ಇಟ್ಟುಕೊಂಡು ಕೂರುತ್ತೇನೆ.

ಲಯಗಾರ

ನಾನೂ ಇದ್ದೇನೆ, ಗುರುಗಳಿಗೂ ಹೇಳುತ್ತೇನೆ. ಮೂರನೇ ಭಾಗದ ಡ್ರಮ್ ಶುರುವಾದಾಗ ಇಲ್ಲಿ ಯಾರೂ ಏನೂ ಬರೆಯಬೇಡಿ, ದಯವಿಟ್ಟು.

ಹಳೇಕ್ಯಾಸೆಟ್

ಹತ್ತು ಗಂಟೆ. ಗುರುತು ಹಾಕಿಕೊಂಡೆ.